ಯಾವ ನೀರಿನ ಬಳಚು?

ಒಂದು ಕಿಲೋ ಬಳಚು, ಅಂದರೆ ಕಪ್ಪೆಚಿಪ್ಪು, ಕೊಂಡರೆ ನೀವು ಕೊಂಡದ್ದು ಹೆಚ್ಚಾಗಿ ಸುಣ್ಣ. ತಮಾಷೆಯಲ್ಲ, ಲೆಕ್ಕ. ಚಿಪ್ಪನ್ನೂ ಒಳಗಿನ ನೀರನ್ನೂ ಕಳೆದರೆ ಉಳಿಯುವ ಮಾಂಸ ನೂರು ಗ್ರಾಂ ಆಸುಪಾಸು. ಚೆನ್ನಾಗಿ ತುಂಬಿಕೊಂಡ ಕಾಲದಲ್ಲಿ ನೂರೈವತ್ತು ಸಿಕ್ಕೀತು. ಉಳಿದ ಚಿಪ್ಪನ್ನು ಸುಟ್ಟರೆ ಎಲೆಯಡಿಕೆಗೆ ಹಚ್ಚುವ ಸುಣ್ಣ ಆಗುತ್ತದೆ. ಹಾಗಾಗಿ ‘ಕಿಲೋಗೆ ಎಷ್ಟು?’ ಅನ್ನುವ ಪ್ರಶ್ನೆ ಬಳಚಿಗೆ ಅಷ್ಟಾಗಿ ಹೊಂದುವುದಿಲ್ಲ. ಕರಾವಳಿಯ ಪೇಟೆಗಳಲ್ಲಿ ಮೀನು ಮಾರುವ ಹೆಂಗಸರು ಇದನ್ನು ಎಣಿಸಿ ಕೊಡುತ್ತಾರೆ, ಇಲ್ಲವೇ ಗುಡ್ಡೆ ಹಾಕಿ ಗುಡ್ಡೆಗಿಷ್ಟು ಅನ್ನುತ್ತಾರೆ. ತಕ್ಕಡಿಯ ಲೆಕ್ಕ ಊರಾಚೆಯ ಅಂಗಡಿಗಳದ್ದು.

ಹೆಸರೂ ಒಂದೇ ಇಲ್ಲ. ಕುಮಟಾ, ಅಂಕೋಲಾ ಕಡೆ ಬಳಚು. ತುಳುನಾಡಿನಲ್ಲಿ ಮರುವಾಯಿ. ಕೊಂಕಣಿಯವರಿಗೆ ತಿಸ್ರೆ. ಪುಸ್ತಕದ ಕನ್ನಡದಲ್ಲಿ ಎಲ್ಲವೂ ಕಪ್ಪೆಚಿಪ್ಪು. ಜೀವಶಾಸ್ತ್ರದವರು ನೋಡಿದರೆ ಒಂದೇ ಬುಟ್ಟಿಯಲ್ಲಿ ಎರಡು ಮೂರು ಜಾತಿ ಸಿಗಬಹುದು. ದಪ್ಪ ಚಿಪ್ಪಿನ ನುಣುಪಾದದ್ದು ಒಂದು, ಗೀರುಗಳಿರುವ ತೆಳುವಾದದ್ದು ಇನ್ನೊಂದು, ಸಿಹಿನೀರು ಬೆರೆಯುವ ಕಡೆ ಬೆಳೆಯುವ ಕಪ್ಪನೆಯದು ಮತ್ತೊಂದು. ರುಚಿಯೂ ಬೇರೆ, ಬೆಲೆಯೂ ಬೇರೆ. ಇದರ ಜೊತೆಗೆ ಬಂಡೆಗೆ ಅಂಟಿಕೊಳ್ಳುವ ನೀಲಿಕಲ್ಲು, ಅಂದರೆ ತುಳುವಿನ ಪಚ್ಚಿಲೆ. ಆಮೇಲೆ ಕಲ್ವ, ಹೋಟೆಲಿನ ಮೆನುವಿನಲ್ಲಿ ಆಯ್‌ಸ್ಟರ್ ಅಂತ ಕರೆಸಿಕೊಂಡು ಬೆಲೆ ಏರಿಸಿಕೊಂಡದ್ದು.

ಇವುಗಳ ಬೆಲೆ ಯಾಕೆ ಹೀಗೆ ಏರಿಳಿಯುತ್ತದೆ, ಕೊಂಡದ್ದು ಅಸಲಿಯೋ ಅಲ್ಲವೋ, ತಿಂದರೆ ಏನೂ ಆಗುವುದಿಲ್ಲ ತಾನೇ? ಬೆಂಗಳೂರಿನಲ್ಲಿರುವ ಕರಾವಳಿಯವರು ಕೇಳಿಕೊಳ್ಳುವ ಪ್ರಶ್ನೆಗಳು ಇವು. ಮೂರೂ ಬೇರೆ ಬೇರೆ ಅನ್ನಿಸುತ್ತವೆ. ಆದರೆ ಅಗೆದು ನೋಡಿದರೆ ಮೂರರ ಬೇರೂ ಒಂದೇ ಕಡೆ ಇದೆ: ಬಳಚು ಕೂತಿದ್ದ ನೀರಿನಲ್ಲಿ.

ಬಂಗುಡೆಗೆ ನೀರು ಹಿಡಿಸದಿದ್ದರೆ ಈಜಿಕೊಂಡು ಬೇರೆ ಕಡೆ ಹೋಗುತ್ತದೆ. ಬಳಚಿಗೆ ಆ ಭಾಗ್ಯ ಇಲ್ಲ. ನದಿ ಕಡಲು ಸೇರುವ ಅಳಿವೆಯ ಮರಳು, ಕೆಸರಿನಲ್ಲಿ ಹುದುಗಿಕೊಂಡು ಎರಡು ಸಣ್ಣ ಕೊಳವೆಗಳನ್ನು ಮೇಲಕ್ಕೆ ಚಾಚಿ ಕೂತಿರುತ್ತದೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ನಡುವೆ ಕಿವಿರು ಜರಡಿಯ ಹಾಗೆ ಕೆಲಸ ಮಾಡಿ, ನೀರಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿಯನ್ನು ಹಿಡಿದು ಬಾಯಿಗೆ ಸಾಗಿಸುತ್ತದೆ. ಬೆಳೆದ ಒಂದು ಕಲ್ವ ಗಂಟೆಗೆ ಹಲವು ಲೀಟರ್ ನೀರು ಸೋಸಬಲ್ಲದು. ಪಾಚಿ ಹಿಡಿಯುವ ಜರಡಿಗೆ ಚರಂಡಿಯಿಂದ ಬಂದ ಬ್ಯಾಕ್ಟೀರಿಯಾ, ವೈರಸ್‌ಗಳೂ ಸಿಕ್ಕಿಬೀಳುತ್ತವೆ. ಮೀನಾದರೆ ಹೊಟ್ಟೆ ಸೀಳಿ ಕರುಳು ತೆಗೆದು ಸಾರು ಮಾಡುತ್ತೇವೆ. ಬಳಚನ್ನು ಮಾತ್ರ ಹೊಟ್ಟೆ, ಕರುಳು, ಒಳಗಿದ್ದದ್ದು ಎಲ್ಲ ಸೇರಿಸಿ ಇಡಿಯಾಗಿ ತಿನ್ನುತ್ತೇವೆ. ಇದನ್ನು ಓದಿ ಯಾರಿಗಾದರೂ ಊಟ ಸೇರದೆ ಹೋದರೆ ಕ್ಷಮಿಸಿ, ನಾನಂತೂ ಬಿಟ್ಟಿಲ್ಲ.

ಮೊದಲು ಬೆಲೆ. ಕರ್ನಾಟಕದಲ್ಲಿ ಬಳಚಿನ ತವರು ಅಂದರೆ ಅಘನಾಶಿನಿ. ಶಿರಸಿಯ ಕಡೆ ಹುಟ್ಟಿ, ಕುಮಟಾ ತಾಲ್ಲೂಕಿನ ತದಡಿಯ ಹತ್ತಿರ ಕಡಲು ಸೇರುವ ನದಿ. ಇದಕ್ಕೆ ದೊಡ್ಡ ಅಣೆಕಟ್ಟು ಇಲ್ಲ. ಇದರ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ಇಲ್ಲಿ ಲೆಕ್ಕ ಹಾಕಿದ್ದರು. ವರ್ಷಕ್ಕೆ ಸುಮಾರು 22 ಸಾವಿರ ಟನ್ ಕಪ್ಪೆಚಿಪ್ಪು ಇಲ್ಲಿಂದ ಹೊರಬರುತ್ತಿತ್ತು. ಅದನ್ನೇ ನೆಚ್ಚಿಕೊಂಡವರು ಎರಡು ಸಾವಿರಕ್ಕೂ ಜಾಸ್ತಿ ಜನ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಹೆಂಗಸರು. ಅಷ್ಟೂ ಬಳಚಿನ ಒಟ್ಟು ಬೆಲೆ ಸುಮಾರು 5.8 ಕೋಟಿ ರೂಪಾಯಿ. ಭಾಗಿಸಿ ನೋಡಿ. ಕಿಲೋಗೆ ಮೂರು ರೂಪಾಯಿಯೂ ಬೀಳುವುದಿಲ್ಲ!

ಆಗಿನ ಕಾಲದ ಮೂರು ರೂಪಾಯಿ ಅಂತ ಇಟ್ಟುಕೊಂಡರೂ, ಸೊಂಟದ ಮಟ್ಟದ ನೀರಲ್ಲಿ ನಿಂತು ಕಾಲಲ್ಲಿ ತಡಕಿ ಕೈಯಲ್ಲಿ ಹೆಕ್ಕಿದವರಿಗೆ ಸಿಕ್ಕಿದ್ದು ಅಷ್ಟೇ. ಪೇಟೆಯಲ್ಲಿ ನಾವು ಕೊಡುವ ಬೆಲೆಯಲ್ಲಿ ಉಳಿದದ್ದು ದೋಣಿ, ಲಾರಿ, ಐಸು, ದಾರಿಯಲ್ಲಿ ಸತ್ತು ಬಿಸಾಡಿದ್ದು, ನಡುವಿನವರ ಪಾಲು. ಬಳಚು ಜೀವಂತ ಇರುವಾಗಲೇ ಮಾರಾಟ ಆಗಬೇಕು. ಇದರ ಬೆಲೆ ನಿಜಕ್ಕೂ ಅವಸರದ ಬೆಲೆ.

ಬೆಲೆ ಚಂದ್ರನನ್ನೂ ನೋಡುತ್ತದೆ. ಹೆಕ್ಕುವುದು ನೀರು ಇಳಿದಾಗ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ದೊಡ್ಡದು, ಹೆಚ್ಚು ಮರಳದಿಣ್ಣೆ ಬಯಲಾಗುತ್ತದೆ, ಪೇಟೆಗೆ ಮಾಲು ಜಾಸ್ತಿ ಬರುತ್ತದೆ. ಅಷ್ಟಮಿಯ ಹೊತ್ತಿಗೆ ಇಳಿತ ಚಿಕ್ಕದು, ಬುಟ್ಟಿಯೂ ಚಿಕ್ಕದು. ಮಳೆಗಾಲದಲ್ಲಂತೂ ಕೆಂಪು ನೀರು ತುಂಬಿ ಹರಿಯುವಾಗ ಹೆಕ್ಕುವ ಕೆಲಸ ಬಹುಪಾಲು ನಿಂತೇ ಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೂ ರಜೆ. ಆ ಎರಡು ತಿಂಗಳು ಕರಾವಳಿಯಲ್ಲಿ ಹಸಿಯದ್ದೆಲ್ಲ ತುಟ್ಟಿ.

ಇವೆಲ್ಲ ವರ್ಷ ವರ್ಷವೂ ಬಂದು ಹೋಗುವ ಏರಿಳಿತ. ಬಂದು ಹೋಗದೆ ಉಳಿದುಬಿಡುವ ಏರಿಕೆ ಬೇರೆ, ಅದನ್ನು ತಿಳಿಯಬೇಕಾದರೆ ಪಕ್ಕದ ಶರಾವತಿಯನ್ನು ನೋಡಬೇಕು. 1960ರ ದಶಕದಲ್ಲಿ ಅಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಕರೆಂಟಿನ ಯಂತ್ರ ತಿರುಗಿಸಿ ಬಂದ ಸಿಹಿನೀರು ಬೇಸಿಗೆಯಲ್ಲೂ ಬಿಡದೆ ಅಳಿವೆಗೆ ಹರಿಯುತ್ತದೆ. ಉಬ್ಬರದ ಉಪ್ಪುನೀರು ಮೇಲೆ ಬರಲು ಅದು ಬಿಡುವುದಿಲ್ಲ. ಬಳಚಿಗೆ ಬೇಕಾದದ್ದು ಉಪ್ಪಿನ ಒಂದು ಹದ. ಹದ ತಪ್ಪಿದ ಮೇಲೆ ಶರಾವತಿ ಕಡಲು ಸೇರುವ ಹೊನ್ನಾವರದ ಕಡೆ ಉಪ್ಪು ಬೇಡುವ ಜಾತಿಗಳು ಬಹುತೇಕ ಇಲ್ಲವಾದವು. ಅಘನಾಶಿನಿ, ಶರಾವತಿ ಎರಡೂ ಅಕ್ಕಪಕ್ಕದ ನದಿಗಳು, ಒಂದೇ ಕಡಲು, ಒಂದೇ ಮಳೆ. ಒಂದರಲ್ಲಿ ಸಾವಿರಾರು ಟನ್, ಇನ್ನೊಂದರಲ್ಲಿ ಹುಡುಕಬೇಕು. ಇದರ ಮೇಲೆ ಮರಳುಗಾರಿಕೆ, ಸುಣ್ಣಕ್ಕಾಗಿ ಚಿಪ್ಪು ತೆಗೆಯುವುದು, ಮರಿ ಹಾಕುವ ಮೊದಲೇ ಸಣ್ಣದನ್ನೂ ಹೆಕ್ಕಿಬಿಡುವುದು ಸೇರಿದರೆ, ಇರುವ ನೆಲೆಗಳೂ ಕುಗ್ಗುತ್ತವೆ. ಹೀಗೆ ಏರಿದ ಬೆಲೆ ಅಮಾವಾಸ್ಯೆ ಬಂತೆಂದು ಇಳಿಯುವುದಿಲ್ಲ.

ಇದಕ್ಕೆ ಮದ್ದು ಇಲ್ಲ ಅಂತಲ್ಲ. ಕೇರಳದ ಕೊಲ್ಲಂನ ಅಷ್ಟಮುಡಿ ಹಿನ್ನೀರಿನಲ್ಲಿ 1990ರ ದಶಕದಲ್ಲಿ ಬಳಚು ಕುಸಿದಾಗ ಮೀನುಗಾರರೇ ಒಪ್ಪಿಕೊಂಡು, ಸಂತಾನದ ಕಾಲವಾದ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೆಕ್ಕುವುದನ್ನು ನಿಲ್ಲಿಸಿದರು. ಬಲೆಯ ಕಣ್ಣು ದೊಡ್ಡದು ಮಾಡಿದರು. ಬಳಚು ಮತ್ತೆ ಬಂತು. 2014ರಲ್ಲಿ ಮರೀನ್ ಸ್ಟುವರ್ಡ್‌ಶಿಪ್ ಕೌನ್ಸಿಲ್ ಅನ್ನುವ ಅಂತಾರಾಷ್ಟ್ರೀಯ ಸಂಸ್ಥೆಯ ಮುದ್ರೆ ಸಿಕ್ಕಿದ ಭಾರತದ ಮೊದಲ ಮೀನುಗಾರಿಕೆ ಅದು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಜನ ಇದನ್ನು ಗೊಂದಲ ಮಾಡಿಕೊಳ್ಳುತ್ತಾರೆ. ಆ ಮುದ್ರೆ ಹೇಳುವುದು ‘ಇದನ್ನು ಬರಿದು ಮಾಡದೆ ಹಿಡಿದಿದ್ದೇವೆ’ ಅಂತ. ‘ತಿಂದರೆ ಏನೂ ಆಗದು’ ಅಂತಲ್ಲ. ಎರಡೂ ಬೇರೆ.

ಇನ್ನು ಅಸಲಿ, ನಕಲಿಯ ವಿಷಯ. ಚಿಪ್ಪು ಮುಚ್ಚಿಕೊಂಡಿರುವ ಬಳಚಿನಲ್ಲಿ ಮೋಸ ಮಾಡುವುದು ಕಷ್ಟ. ಹೆಚ್ಚೆಂದರೆ ಸತ್ತದ್ದನ್ನು, ಕೆಸರು ತುಂಬಿದ ಖಾಲಿ ಚಿಪ್ಪನ್ನು ನಡುವೆ ಸೇರಿಸಬಹುದು. ಮೋಸಕ್ಕೆ ದಾರಿ ತೆರೆಯುವುದು ಚಿಪ್ಪು ಬಿಚ್ಚಿದ ಮೇಲೆ, ಸಿಪ್ಪೆ ಸುಲಿದ ಮೇಲೆ. ಸಿಗಡಿಯನ್ನೇ ನೋಡಿ. ಹುಲಿ ಸಿಗಡಿಯ ಮೈಮೇಲೆ ಅಡ್ಡ ಪಟ್ಟಿ ಇರುತ್ತದೆ. ವನಾಮಿ ಬಿಳಿಚಿಕೊಂಡಿರುತ್ತದೆ, ಪಟ್ಟಿ ಇಲ್ಲ. ಈ ವನಾಮಿ ಮೆಕ್ಸಿಕೋದಿಂದ ಪೆರುವರೆಗಿನ ಪೆಸಿಫಿಕ್ ಕರಾವಳಿಯ ಜಾತಿ. 2009ರಲ್ಲಿ ಭಾರತದಲ್ಲಿ ಸಾಕಲು ಅನುಮತಿ ಸಿಕ್ಕಿತು. ಈಗ ಆಂಧ್ರದ ಕೊಳಗಳಿಂದ ಬರುವುದು ಹೆಚ್ಚಾಗಿ ಇದೇ. ತಲೆ, ಸಿಪ್ಪೆ ತೆಗೆದು ಮಸಾಲೆಯಲ್ಲಿ ಅದ್ದಿಬಿಟ್ಟರೆ ಯಾವುದು ಯಾವುದೆಂದು ಕಣ್ಣಿಗೆ ಹೇಳಲಾಗದು, ಡಿಎನ್‌ಎ ಪರೀಕ್ಷೆಯೇ ಬೇಕು. ವನಾಮಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ‘ನದಿ ಸಿಗಡಿ’ ಅಂತ ಹೇಳಿ ಅದರ ಬೆಲೆ ತೆಗೆದುಕೊಂಡು ಕೊಳದ್ದನ್ನು ಕೊಡುವುದು ಕೆಟ್ಟದ್ದು, ಅಲ್ವಾ?

ಸಿಗಡಿಯಲ್ಲಿ ತೂಕದ ಆಟವೂ ಇದೆ. ‘ಮೂವತ್ತು ಕೌಂಟ್’ ಅಂದರೆ ಕಿಲೋಗೆ ಮೂವತ್ತು. ಸಂಖ್ಯೆ ಕಡಿಮೆ ಆದಷ್ಟೂ ಸಿಗಡಿ ದೊಡ್ಡದು, ಬೆಲೆಯೂ ದೊಡ್ಡದು. ತಲೆ ಕಿತ್ತರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೂಕ ಹೋಗುತ್ತದೆ. ಸಿಪ್ಪೆಯೂ ಹೋದ ಮೇಲೆ ಅರ್ಧದ ಆಸುಪಾಸು ಉಳಿಯುತ್ತದೆ. ಆದ್ದರಿಂದ ಸುಲಿದದ್ದು ದುಪ್ಪಟ್ಟು ಬೆಲೆಗೆ ಸಿಕ್ಕರೆ ಅದು ತುಟ್ಟಿಯೇನಲ್ಲ. ಫ್ರೀಜರಿನ ಪ್ಯಾಕೆಟ್‌ನಲ್ಲಿ ಸಿಗಡಿಯ ಸುತ್ತ ತೆಳುವಾದ ಐಸಿನ ಕವಚ ಇರುತ್ತದೆ. ಒಣಗದಿರಲಿ ಅಂತ ಹಾಕುವುದು, ತಪ್ಪಲ್ಲ. ಆದರೆ ಆ ಐಸಿಗೂ ನೀವು ಸಿಗಡಿಯ ಬೆಲೆ ಕೊಡುತ್ತಿದ್ದೀರಾ ಅಂತ ಪ್ಯಾಕೆಟ್‌ನ ನಿವ್ವಳ ತೂಕ ನೋಡಿ. ಫಾಸ್ಫೇಟ್ ನೀರಲ್ಲಿ ನೆನೆಸಿದರೆ ಸಿಗಡಿ ನೀರು ಹೀರಿ ತೂಕ ಏರುತ್ತದೆ. ಬಾಣಲೆಗೆ ಹಾಕಿದೊಡನೆ ಬಳಬಳನೆ ನೀರು ಬಿಟ್ಟು ಅರ್ಧಕ್ಕೆ ಕುಗ್ಗಿದರೆ ಅನುಮಾನ ಪಡಬಹುದು. ತಲೆಯ ಹತ್ತಿರ ಕಪ್ಪಾಗಿದ್ದರೆ ಮಾತ್ರ ಕೊಳೆತಿದೆ ಅಂತ ಗಾಬರಿ ಬೇಡ. ಹೆಚ್ಚಿನ ಸಲ ಅದು ಕತ್ತರಿಸಿದ ಬದನೆಕಾಯಿ ಕಪ್ಪಾದ ಹಾಗೆ, ಕಿಣ್ವದ ಕೆಲಸ. ವಾಸನೆ ನೋಡಿ ತೀರ್ಮಾನಿಸಿ.

2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಮಾಲಿನ ಮೇಲೆ ಒಟ್ಟು ಶೇ 50ರ ಸುಂಕ ಹಾಕಿತು. ನಮ್ಮ ಸಿಗಡಿಗೆ ಅದೇ ದೊಡ್ಡ ಗಿರಾಕಿ. ಆಂಧ್ರದ ಕೊಳದ ದಂಡೆಯಲ್ಲಿ ರೈತನಿಗೆ ಸಿಗುವ ಬೆಲೆ ಬಿತ್ತು. ಆಂಧ್ರದ ಭೀಮಾವರದ ಸಿಗಡಿಯ ಬೆಲೆ ವಾಷಿಂಗ್ಟನ್ನಿನಲ್ಲಿ ತೀರ್ಮಾನ ಆಗುತ್ತದೆ, ಅಘನಾಶಿನಿಯ ಬಳಚಿನದ್ದು ಅಮಾವಾಸ್ಯೆಯ ಇಳಿತದಲ್ಲಿ. ಎರಡನ್ನೂ ‘ಸೀಫುಡ್’ ಅಂತ ಒಂದೇ ಫಲಕದ ಕೆಳಗೆ ಮಾರುತ್ತಾರೆ.

ಏಡಿ ಕಡ್ಡಿಯ ವಿಷಯ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಕೆಂಪು ಬಿಳಿ ಬಣ್ಣದ ‘ಕ್ರ್ಯಾಬ್ ಸ್ಟಿಕ್’ ಏಡಿಯಲ್ಲ. ಮೀನಿನ ಮಾಂಸ ಅರೆದು, ತೊಳೆದು, ಪಿಷ್ಟ, ಮೊಟ್ಟೆಯ ಬಿಳಿ, ಏಡಿಯ ವಾಸನೆ ಸೇರಿಸಿ ಮಾಡಿದ ಸುರಿಮಿ. ನಮ್ಮ ಕರಾವಳಿಯ ರಾಣಿ ಮೀನು ಸುರಿಮಿ ಕಾರ್ಖಾನೆಗಳಿಗೆ ಹೋಗುವ ಮುಖ್ಯ ಮೀನುಗಳಲ್ಲಿ ಒಂದು. ಊರಲ್ಲಿ ಅಗ್ಗಕ್ಕೆ ಸಿಗುವ ರಾಣಿ ಮೀನನ್ನು ಬೇಡ ಅಂದವರು ಸುಶಿಯ ತಟ್ಟೆಯಲ್ಲಿ ಅದನ್ನೇ ಏಡಿ ಅಂದುಕೊಂಡು ತಿನ್ನುತ್ತಿರಬಹುದು!

ಈಗ ಆರೋಗ್ಯ. ಇಲ್ಲಿ ಅವಸರ ಮಾಡುವ ಹಾಗಿಲ್ಲ, ಯಾಕೆಂದರೆ ಎರಡು ಬಗೆಯ ಅಪಾಯ ಇದೆ. ಒಂದನ್ನು ಬೆಂಕಿ ಕೊಲ್ಲುತ್ತದೆ. ಇನ್ನೊಂದರ ಮುಂದೆ ಬೆಂಕಿ ಸೋಲುತ್ತದೆ.

ಮೊದಲನೆಯದು ಸೂಕ್ಷ್ಮಜೀವಿ. ಚರಂಡಿ ನೀರು ಸೇರಿದ ಕಡೆ ವಾಂತಿಭೇದಿ ತರುವ ನೊರೊವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್, ಭೇದಿ ತರುವ ಬ್ಯಾಕ್ಟೀರಿಯಾಗಳು ಚಿಪ್ಪಿನೊಳಗೆ ಸೇರುತ್ತವೆ. ವಿಬ್ರಿಯೋ ಅನ್ನುವ ಬ್ಯಾಕ್ಟೀರಿಯಾಕ್ಕೆ ಚರಂಡಿಯೂ ಬೇಡ, ಬೆಚ್ಚಗಿನ ಕಡಲ ನೀರೇ ಅದರ ಮನೆ. 1988ರಲ್ಲಿ ಶಾಂಘೈನಲ್ಲಿ ಕೊಳಚೆ ಸೇರಿದ ನೀರಿನ ಕಪ್ಪೆಚಿಪ್ಪು ತಿಂದು ಸುಮಾರು 3 ಲಕ್ಷ ಜನಕ್ಕೆ ಕಾಮಾಲೆ ಬಂತು. ಅಲ್ಲಿಯವರು ಅದನ್ನು ಹಸಿಯಾಗಿಯೇ ತಿಂದಿರಲಿಲ್ಲ. ಕುದಿಯುವ ನೀರು ಸುರಿದು, ಬಾಯಿ ಬಿಡುವಷ್ಟು ಬಿಸಿ ಮಾಡಿ ತಿನ್ನುವ ರೂಢಿ. ಆ ಅರೆಬೆಂದದ್ದೇ ಸಾಕಾಯಿತು. ಚಿಪ್ಪು ತೆರೆಯಿತು ಅಂದ ಮಾತ್ರಕ್ಕೆ ಒಳಗೆ ಬೆಂದಿದೆ ಅಂತ ಅರ್ಥವಲ್ಲ. ಹೆಪಟೈಟಿಸ್ ಎ ವೈರಸ್ ಸಾಯಬೇಕಾದರೆ ಮಾಂಸದ ಒಳಗೆ 90 ಡಿಗ್ರಿ ಬಿಸಿ ಒಂದೂವರೆ ನಿಮಿಷ ನಿಲ್ಲಬೇಕು. ಅದಕ್ಕೇ ಚಿಪ್ಪು ಬಾಯಿ ಬಿಟ್ಟ ಮೇಲೂ ಇನ್ನೂ ಮೂರರಿಂದ ಐದು ನಿಮಿಷ ಕುದಿಸಿ ಅನ್ನುವುದು. ಮಸಾಲೆ ಹಾಕಿ ಕೊತಕೊತ ಕುದಿಸುವ ನಮ್ಮ ಗಸಿ, ಮರುವಾಯಿ ಪುಂಡಿ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತವೆ. ಸೋಲುವುದು ಐಸಿನ ಮೇಲೆ ಇಟ್ಟು ತರುವ ಹಸಿ ಕಲ್ವ. ಅದರ ಮೇಲೆ ನಿಂಬೆಹುಳಿ ಹಿಂಡಿದರೆ, ಖಾರದ ಸಾಸ್ ಹಾಕಿದರೆ, ಜೊತೆಗೆ ಮದ್ಯ ಕುಡಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಲಿವರ್ ತೊಂದರೆ, ಸಕ್ಕರೆ ಕಾಯಿಲೆ ಇರುವವರು, ಬಸುರಿಯರು ಹಸಿ ಕಲ್ವದ ತಂಟೆಗೇ ಹೋಗಬಾರದು. ಎಷ್ಟು ದುಬಾರಿ ಹೋಟೆಲಾದರೂ ಸರಿ, ಬಿಲ್ಲಿನ ಮೊತ್ತ ನೋಡಿ ವಿಬ್ರಿಯೋ ಹೆದರುವುದಿಲ್ಲ.

ಎರಡನೆಯದು ಪಾಚಿಯ ವಿಷ. ಕೆಲವು ಸೂಕ್ಷ್ಮ ಪಾಚಿಗಳು ಸ್ಯಾಕ್ಸಿಟಾಕ್ಸಿನ್ ಅನ್ನುವ ನರವಿಷ ಮಾಡುತ್ತವೆ. ನೀರಿನಲ್ಲಿ ಅವು ಒಮ್ಮೆಲೇ ಹೆಚ್ಚಿದಾಗ ಬಳಚು ಅದನ್ನೇ ತಿಂದು ವಿಷವನ್ನು ಮೈಯಲ್ಲಿ ಕೂಡಿಡುತ್ತದೆ. ಬಳಚಿಗೆ ಏನೂ ಆಗುವುದಿಲ್ಲ. ನೋಡಲು ತಾಜಾ, ವಾಸನೆ ಸರಿ, ರುಚಿ ಸರಿ. ಕುದಿಸಿದರೂ ಹುರಿದರೂ ಫ್ರೀಜರಿನಲ್ಲಿಟ್ಟರೂ ವಿಷ ಹಾಗೇ ಇರುತ್ತದೆ. ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ತುಟಿ, ನಾಲಿಗೆ ಜುಮುಜುಮು ಅನ್ನುತ್ತದೆ, ಕೈಕಾಲು ಮರಗಟ್ಟುತ್ತವೆ, ಜೋರಾದರೆ ಉಸಿರಾಡುವ ಸ್ನಾಯುಗಳೇ ನಿಲ್ಲುತ್ತವೆ. ಇದಕ್ಕೆ ಪ್ರತಿವಿಷ ಇಲ್ಲ. ಆಸ್ಪತ್ರೆಯಲ್ಲಿ ಯಂತ್ರದಿಂದ ಉಸಿರಾಡಿಸಿ, ವಿಷ ತಾನಾಗಿ ಇಳಿಯುವವರೆಗೆ ಕಾಯಬೇಕು. ಮೊದಲ ದಿನ ದಾಟಿದವರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ.

ಇದು ದೂರದ ದೇಶದ ಸಂಗತಿಯಲ್ಲ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕೆ ಕುಂಬಳೆಯ ಅಳಿವೆಯ ಮರುವಾಯಿ ತಿಂದು ಒಬ್ಬ ಹುಡುಗ ತೀರಿಕೊಂಡ, ಹಲವರು ಆಸ್ಪತ್ರೆ ಸೇರಿದರು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಜೊತೆಯವರು ಅದನ್ನು ಪರೀಕ್ಷಿಸಿ, ಪಾಚಿಯ ವಿಷವೇ ಕಾರಣ ಅಂತ ಮರುವರ್ಷ ಬರೆದರು. 1997ರಲ್ಲಿ ಕೇರಳದ ವಿಳಿಂಜದಲ್ಲಿ ಪಚ್ಚಿಲೆಯ ಹತ್ತಿರದ ಜಾತಿಯೊಂದನ್ನು ತಿಂದು ಏಳು ಜನ ಸತ್ತರು, ಐನೂರಕ್ಕೂ ಹೆಚ್ಚು ಜನ ಆಸ್ಪತ್ರೆಗೆ ಹೋದರು. ತಲೆಮಾರುಗಳಿಂದ ಅದನ್ನೇ ತಿಂದು ಬಂದ ಊರು ಅದು. ಅಡುಗೆ ಮಾಡಿದವರ ತಪ್ಪೇನೂ ಇರಲಿಲ್ಲ. ಇಂಥ ದುರಂತ ಅಪರೂಪ, ಅದಕ್ಕೆ ಹೆದರಿ ಬಳಚು ಬಿಡಬೇಕಿಲ್ಲ. ಆದರೆ ‘ಚೆನ್ನಾಗಿ ಬೇಯಿಸಿದರೆ ಎಲ್ಲ ಸರಿ’ ಅನ್ನುವ ಮಾತು ಅರ್ಧ ಮಾತ್ರ ನಿಜ. ತಿಂದ ಮೇಲೆ ತುಟಿ ಜುಮ್ಮೆಂದರೆ ಖಾರ ಜಾಸ್ತಿಯಾಯ್ತು ಅಂದುಕೊಂಡು ಮಲಗಬೇಡಿ, ಆಸ್ಪತ್ರೆಗೆ ಹೋಗಿ.

ಅಡುಗೆಮನೆಯಲ್ಲಿ ಹಿಡಿಯಲಾಗದ ಈ ವಿಷವನ್ನು ಹಿಡಿಯಬೇಕಾದದ್ದು ನೀರಿನಲ್ಲೇ. ಐರೋಪ್ಯ ಒಕ್ಕೂಟದಲ್ಲಿ ಕಪ್ಪೆಚಿಪ್ಪು ಬೆಳೆಯುವ ನೀರಿಗೇ ದರ್ಜೆ ಕೊಡುತ್ತಾರೆ. ನೂರು ಗ್ರಾಂ ಮಾಂಸದಲ್ಲಿ ಇ-ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾದ ಸಂಖ್ಯೆ, 230ರೊಳಗೆ ಇದ್ದರೆ ಎ ದರ್ಜೆ, ನೇರ ಪೇಟೆಗೆ ಹೋಗಬಹುದು. ಬಿ ದರ್ಜೆಯದ್ದನ್ನು ಶುದ್ಧ ನೀರಿನ ತೊಟ್ಟಿಯಲ್ಲಿಟ್ಟು ಹೊಟ್ಟೆ ಖಾಲಿ ಮಾಡಿಸಬೇಕು. ಸ್ಯಾಕ್ಸಿಟಾಕ್ಸಿನ್ ಕಿಲೋಗೆ 800 ಮೈಕ್ರೋಗ್ರಾಂ ದಾಟಿದರೆ ಆ ನೀರಿನಿಂದ ತೆಗೆಯುವುದನ್ನೇ ನಿಲ್ಲಿಸುತ್ತಾರೆ. ನಮ್ಮ ಪೇಟೆಯ ಬುಟ್ಟಿಯ ಮೇಲೆ ಇದು ಯಾವ ಅಳಿವೆಯದ್ದು, ಯಾವತ್ತು ಹೆಕ್ಕಿದ್ದು ಅನ್ನುವ ಚೀಟಿ ಇರುವುದಿಲ್ಲ. ನನ್ನ ದೊಡ್ಡ ತಕರಾರು ಅದೇ.

ಮನೆಯಲ್ಲಿ ಬಳಚನ್ನು ರಾತ್ರಿ ನೀರಲ್ಲಿ ಹಾಕಿಡುವುದು ಮರಳು ಬಿಡಲಿ ಅಂತ. ಅದರಿಂದ ಮರಳು ಹೋಗುತ್ತದೆ, ವೈರಸ್ ಹೋಗುವುದಿಲ್ಲ, ವಿಷವಂತೂ ಇಲ್ಲವೇ ಇಲ್ಲ. ಹಾಕುವುದಾದರೆ ಕಡಲಿನಷ್ಟು ಉಪ್ಪಿರುವ ನೀರಿಗೆ ಹಾಕಿ. ನಲ್ಲಿ ನೀರಿಗೆ ಹಾಕಿದರೆ ಬಾಯಿ ಮುಚ್ಚಿಕೊಂಡು ಕೂರುತ್ತದೆ, ಕೊನೆಗೆ ಸಾಯುತ್ತದೆ. ಬಾಯಿ ತೆರೆದದ್ದಿದ್ದರೆ ಬೆರಳಲ್ಲಿ ತಟ್ಟಿ ನೋಡಿ. ಮುಚ್ಚಿಕೊಂಡರೆ ಜೀವ ಇದೆ. ಮುಚ್ಚದಿದ್ದರೆ, ಚಿಪ್ಪು ಒಡೆದಿದ್ದರೆ ಬಿಸಾಡಿ. ಬೆಂದ ಮೇಲೂ ಬಾಯಿ ಬಿಡದಿದ್ದರೆ ಅದನ್ನೂ ಬಿಸಾಡಿ, ಚಾಕು ಹಾಕಿ ಬಿಡಿಸಬೇಡಿ. ಊರಿಂದ ಬಸ್ಸಿನಲ್ಲಿ ತರುವವರು ಪ್ಲಾಸ್ಟಿಕ್ ಕವರಿನ ಬಾಯಿ ಬಿಗಿದು ಕಟ್ಟಬೇಡಿ, ಉಸಿರುಗಟ್ಟುತ್ತದೆ. ಒದ್ದೆ ಗೋಣಿಯಲ್ಲಿ ಸುತ್ತಿ, ಕರಗಿದ ಐಸಿನ ನೀರಲ್ಲಿ ಮುಳುಗದ ಹಾಗೆ ತಂಪಾಗಿ ತನ್ನಿ.

ಅಲರ್ಜಿ ಮಾತ್ರ ನೀರಿಗೆ ಸಂಬಂಧವಿಲ್ಲದ್ದು. ಸಿಗಡಿ, ಏಡಿಯ ಸ್ನಾಯುವಿನ ಟ್ರೊಪೊಮಯೋಸಿನ್ ಅನ್ನುವ ಪ್ರೋಟೀನು ಅದರ ಮುಖ್ಯ ಕಾರಣ. ಬೇಯಿಸಿದರೂ ಅದು ಕೆಡುವುದಿಲ್ಲ. ಮೀನು ತಿಂದರೆ ಏನೂ ಆಗದವರಿಗೂ ಸಿಗಡಿ ಆಗದಿರಬಹುದು, ದೊಡ್ಡವರಾದ ಮೇಲೂ ಶುರುವಾಗಬಹುದು.

ನಮ್ಮಮ್ಮನಿಗೆ ಇ-ಕೋಲಿ ಗೊತ್ತಿರಲಿಲ್ಲ. ಆದರೆ ಮೊದಲ ದೊಡ್ಡ ಮಳೆ ಬಿದ್ದು ಗದ್ದೆ, ಕೊಟ್ಟಿಗೆ, ಓಣಿಯ ಕೊಳೆಯೆಲ್ಲ ತೊಳೆದು ಹೊಳೆಗೆ ಇಳಿದ ವಾರ ಬಳಚು ಮನೆಗೆ ಬರುತ್ತಿರಲಿಲ್ಲ. ಮಾರುವ ಹೆಂಗಸು ಬಾಗಿಲಿಗೆ ಬಂದರೆ ಬುಟ್ಟಿ ಇಳಿಸುವ ಮೊದಲೇ ಅಮ್ಮ ಕೇಳುತ್ತಿದ್ದಳು, “ಎಲ್ಲಿದ್ದೇ ಇದು, ಯಾವತ್ತಿಂದು?” ಉತ್ತರ ಬರಲು ಸ್ವಲ್ಪ ತಡವಾದರೂ ಸಾಕು, ಆವತ್ತು ನಮಗೆ ಒಣ ಸಿಗಡಿ ಚಟ್ನಿ.